ಕೋಳಿಮರಿಗಳ ಬಾಣಂತನ

ಮಠದ ಸ್ವಾಮಿಗಳು ಪಾದವಿಟ್ಟ, ಮೊಟ್ಟೆಯ ಹೆಸರನ್ನೂ ಬಾಯಿಬಿಟ್ಟು ಹೇಳದ ಮನೆ ನಮ್ಮದು. ಅಂಥ ಮನೆಯ ಬಚ್ಚಲಲ್ಲಿ ಕಳೆದ ಮಾಗಿಯಲ್ಲಿ ಒಂಬತ್ತು ಕೋಳಿಮರಿಗಳಿಗೆ ಬಾಣಂತನ ನಡೆಯಿತು. ಇದನ್ನು ನಾನು ಸ್ವಲ್ಪ ನಾಚಿಕೊಂಡು ಹೇಳಬೇಕಿತ್ತು. ಏನು ಮಾಡಲಿ, ಗೆದ್ದವನಿಗೆ ನಾಚಿಕೆ ಬರುವುದಿಲ್ಲ.

ಕೋಳಿ ನಮ್ಮದಲ್ಲ, ಪಕ್ಕದ ಮನೆಯ ಲಕ್ಕಮ್ಮನದು. ಬೇಲೂರಿನಲ್ಲಿರುವ ಅವಳ ಮಗಳಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಹೊರಟವಳು ಕಾವಿಗೆ ಕೂತ ಕೋಳಿಯನ್ನು ಬಿದಿರಿನ ಮಂಕರಿ ಸಮೇತ ಹೊತ್ತು ತಂದು ನಮ್ಮ ತೋಟದ ತೆಂಗಿನಸಿಪ್ಪೆ ರಾಶಿಯ ಮಗ್ಗುಲಲ್ಲಿ ಇಳಿಸಿದಳು. ನಮ್ಮೂರು ಕಣಕಟ್ಟೆಯಲ್ಲಿ ಇಷ್ಟೊಂದು ಮನೆಗಳಿರುವಾಗ ನಮ್ಮ ಮನೆಯೇ ಯಾಕಮ್ಮ ಎಂದು ಕೇಳಿದೆ.

"ಬ್ಯಾರೆಯೋರ ಮನೇಲಿ ಬಿಟ್ರೆ ನಾನು ಬರೋದ್ರೊಳ್ಗೆ ಸಾರಾಗಿರ್ತೈತೆ ಕಣಣ್ಣ. ನಿಮ್ಮನೇಲಿ ಆ ಭಯ ಇಲ್ಲ. ಅದರ ಮೊಟ್ಟೆಯಿಂದ್ಲೇ ನನ್ ಕೈ ಆಡೋದು. ಮರಿ ಆದ್ರೆ ಒಂದೂ ಕಮ್ಮಿ ಆಗ್ದಂಗೆ ನೋಡ್ಕಳಣ್ಣ" ಎಂದಳು. ನಮ್ಮ ಆಚಾರಕ್ಕೆ ಇಷ್ಟು ಕೆಲಸಕ್ಕೆ ಬರುವಂಥ ಗೌರವವನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಉಬ್ಬಿಹೋಗಿ ಮಾತು ಕೊಟ್ಟುಬಿಟ್ಟೆ.

ಮರಿಗಳೇನೋ ಸುಸೂತ್ರವಾಗಿ ಹೊರಬಂದವು. ಮಾರನೆಯ ದಿನವೇ, ಹಾಡಹಗಲಲ್ಲಿ, ಮುಂಗುಸಿಯೊಂದು ತಾಯಿಕೋಳಿಯನ್ನು ಹಿಡಿದುಕೊಂಡು ಹೋಯಿತು. ಮಾಗಿಯ ಚಳಿಯೋ, ಹಲ್ಲು ಕಟಕಟ ಎನ್ನಿಸುವಂಥದ್ದು. ಒಂಬತ್ತು ಹಳದಿ ಉಂಡೆಗಳು ಒಂದರ ಮೇಲೊಂದು ಹತ್ತಿಕೊಂಡು ಚಿಂವ್‌ಗುಟ್ಟುತ್ತಿದ್ದವು. ಲಕ್ಕಮ್ಮನಿಗೆ ಕೊಟ್ಟ ಮಾತು ನನ್ನ ಕಣ್ಣೆದುರಿಗೇ ನಡುಗುತ್ತಿತ್ತು.

ಮರಿ ಬೆಚ್ಚಗಿರಲು ಬಲ್ಬು ಬೇಕೆಂದು ಯಾರೋ ಹೇಳಿದ್ದನ್ನು ಕೇಳಿದ್ದೆ. ಅರಸೀಕೆರೆಗೆ ಓಡಿ ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡದನ್ನು ತಂದು ಮಂಕರಿಯ ಮೇಲೆ ನೇತುಹಾಕಿದೆ. ಎಂಥಾ ಬೆಳಕು! ಮದುವೆ ಚಪ್ಪರಕ್ಕೆ ಸಾಲುವಷ್ಟು. ಆ ಬೆಳಕಿನಲ್ಲಿ ಮರಿಗಳು ನಡುಗುವುದು ಇನ್ನೂ ಸ್ಪಷ್ಟವಾಗಿ ಕಾಣಿಸಿತು, ಅಷ್ಟೇ. ಕೈಯಿಟ್ಟು ನೋಡಿದರೆ ಬಲ್ಬು ತಣ್ಣಗೆ ಕೂತಿತ್ತು. ಅಂಗಡಿಯವನಿಗೆ ಫೋನು ಮಾಡಿದೆ. "ಎಲ್‌ಇಡಿ ಅಲ್ವಾ ಸಾರ್, ಬಿಸಿ ಆಗ್ದೇ ಇರೋದಕ್ಕೇ ಗ್ಯಾರಂಟಿ ಕೊಡೋದು. ಬಿಸಿ ಆಗೋ ಹಳೇ ಬಲ್ಬು ಈಗ ಯಾರಿಡ್ತಾರೆ?" ಎಂದು ಅವನು ನನಗೇ ಬುದ್ಧಿ ಹೇಳಿದ.

ಅಷ್ಟರಲ್ಲಿ ನನ್ನವ್ವ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಿದ್ದಳು. ಕೋಳಿ ಹಾದುಹೋದ ಜಾಗಕ್ಕೆ ಸಗಣಿ ನೀರು ಹಾಕುವವಳು. ಆದರೆ ಬಾಣಂತನದಲ್ಲಿ ಅವಳನ್ನು ಮೀರಿಸಿದವರು ನಮ್ಮ ಬಳಗದಲ್ಲಿಲ್ಲ. ಹೆರಿಗೆಯಾದ ಮನೆಯವರು ಡಾಕ್ಟರಿಗೆ ಹೇಳುವ ಮುಂಚೆ ಅವ್ವನಿಗೆ ಹೇಳಿಕಳಿಸುತ್ತಾರೆ.

"ಕೂಸಿಗೆ ದೀಪ ತೋರ್ಸಿದ್ರೆ ಬೆಚ್ಚಗಾಯ್ತದೇನೋ? ಎತ್ಕೊಂಡ್ ಬಾ ಬಚ್ಚಲಿಗೆ."

"ಅವ್ವ, ಅದು ಕೋಳಿ" ಎಂದೆ.

"ಸುಬ್ರಹ್ಮಣ್ಯನ ಬಾವುಟದಾಗೆ ಏನೈತೆ, ನವಿಲಾ? ನವಿಲಿನ ಮ್ಯಾಲೆ ಕೂತ್ಕಂಡು ಕೋಳೀನೇ ಹಿಡ್ಕಂಡವ್ನೆ. ಸುಮ್ನೆ ಬಾ."

ಮಂಕರಿ ಎತ್ತಿಕೊಂಡು ಹಿಂದೆ ಹೊರಟವನಿಗೆ ಗುಡಿಯ ಗೋಡೆ ನೆನಪಾಯಿತು. ನೆಂಟರು ಬಂದಾಗಲೆಲ್ಲ ಹಳೇಬೀಡಿಗೆ ಕರೆದೊಯ್ದು ಗೋಡೆ ಸುತ್ತಿಸುವವನು ನಾನು. ಆನೆಯ ಸಾಲಿದೆ, ಕುದುರೆಯ ಸಾಲಿದೆ, ಹಂಸಗಳ ಸಾಲಂತೂ ಕುತ್ತಿಗೆ ಕೊಂಕಿಸಿಕೊಂಡು ಬಿಂಕದಿಂದ ನಿಂತಿದೆ. ಕೋಳಿ ಮಾತ್ರ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಹಂಸದ ಮರಿಯನ್ನು ಬೆಚ್ಚಗಿಡುವ ಪೇಚಾಟ ಯಾವ ಶಿಲ್ಪಿಗೂ ಬಂದಿರಲಾರದು, ಅದಕ್ಕೇ ಅಷ್ಟು ನೆಮ್ಮದಿಯಾಗಿ ಕೆತ್ತಿದ್ದಾರೆ.

ನಮ್ಮ ಬಚ್ಚಲಿನ ಹಂಡೆಗೆ ಉರಿಸುವುದು ತೆಂಗಿನ ಸಿಪ್ಪೆಯನ್ನೇ. ಆ ಬಿಸಿನೀರನ್ನು ಮುಚ್ಚಳದ ಹಾಲಿನ ಕ್ಯಾನಿಗೆ ತುಂಬಿ, ಗೋಣಿ ಸುತ್ತಿ ಮಂಕರಿಯ ನಡುವೆ ಇಟ್ಟೆವು. ಸುತ್ತ ತೆಂಗಿನ ನಾರನ್ನು ಹಿಂಜಿ ಒತ್ತಾಗಿ ಹಾಸಿದ್ದು ನನ್ನ ಉಪಾಯ. ತೆಂಗಿನಕಾಯಿ ಮಾರಿ ಬದುಕುವವನಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ? ಆದರೂ ಮರಿಗಳ ಬೆನ್ನಿಗೆ ಚಳಿ. ಅವ್ವ ತನ್ನ ಹಳೆಯ ನೂಲಿನ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಮೇಲಿನಿಂದ ಒತ್ತಾಗಿ ಇಳಿಬಿಟ್ಟಳು. ಮರಿಗಳು ಒಂದು ಕ್ಷಣ ನೋಡಿದವು. ಆಮೇಲೆ ಒಂದೊಂದಾಗಿ ನುಗ್ಗಿ ಸೀರೆಯ ಮರೆಯಲ್ಲಿ ಮಾಯವಾದವು. ಚಿಂವ್‌ಗುಟ್ಟುವುದು ನಿಂತಿತು. ಸದ್ದಡಗಿದ್ದಕ್ಕೆ ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಆಮೇಲಿನದು ಕಾಯುವ ಕೆಲಸ. ಗುಂಪುಗಟ್ಟಿ ಗಲಾಟೆ ಮಾಡಿದರೆ ಚಳಿ, ನೀರು ಬದಲಿಸಬೇಕು. ಕೊಕ್ಕು ತೆರೆದುಕೊಂಡು ಅಂಚಿಗೆ ಸರಿದರೆ ಸೆಕೆ, ಕ್ಯಾನಿಗೆ ಇನ್ನೊಂದು ಗೋಣಿ ಸುತ್ತಬೇಕು. ಅಲ್ಲಲ್ಲಿ ಕಾಲು ಚಾಚಿ ಮಲಗಿದವೆಂದರೆ ನಾನೂ ಕಾಲು ಚಾಚಬಹುದು. ಹಂಡೆಯ ಮುಂದೆ ಕೂತಾಗ ಒಂದು ವಿಚಾರ ಹೊಳೆಯಿತು. ಕನ್ನಡದಲ್ಲಿ ನೀರು ಕಾಯುತ್ತದೆ, ನಾಯಿ ಮನೆ ಕಾಯುತ್ತದೆ, ನಾನು ಗಂಡಸಿಗೆ ಹೋಗುವ ಬಸ್ಸಿಗೆ ಕಾಯುತ್ತೇನೆ. ಬಿಸಿಯಾಗುವುದಕ್ಕೂ ಕಾಪಾಡುವುದಕ್ಕೂ ತಾಳ್ಮೆಯಿಂದ ಕೂರುವುದಕ್ಕೂ ಒಂದೇ ಮಾತು! ಪಂಡಿತರು ಅವುಗಳ ಬೇರು ಬೇರೆ ಬೇರೆ ಎನ್ನಬಹುದು. ಅವರು ಕೋಳಿ ಸಾಕಿದವರಲ್ಲ. ಕೋಳಿ ಈ ಮೂರನ್ನೂ ಒಂದೇ ಸಲಕ್ಕೆ ಮಾಡುತ್ತದೆ.

ಒಂದು ಬೆಳಗ್ಗೆ ಸಣ್ಣ ಮರಿಯೊಂದು ಕುತ್ತಿಗೆ ಚೆಲ್ಲಿ ಬಿದ್ದಿತ್ತು. ಮುಟ್ಟಿದರೆ ತಣ್ಣಗೆ. ನನಗೆ ಅಳುವೇ ಬಂದಿತು. ಸುಳ್ಳು ಯಾಕೆ ಹೇಳಲಿ. ಅವ್ವ ಅದನ್ನು ಎತ್ತಿ ಎರಡೂ ಅಂಗೈಯೊಳಗಿಟ್ಟು, ಸೆರಗು ಮುಚ್ಚಿ, ಹಂಡೆಯ ಮಗ್ಗುಲಿಗೆ ಕೂತುಬಿಟ್ಟಳು. ಅಂದಿನ ಪೂಜೆ ತಡವಾಯಿತು. ಶಿವ ಶಿವ ಎನ್ನುತ್ತಾ ಎಷ್ಟೋ ಹೊತ್ತು ಕೂತಳು. ಕೊನೆಗೆ ಸೆರಗಿನೊಳಗಿಂದ "ಚಿಂವ್" ಎಂದಿತು. "ಹೋಗು, ನುಚ್ಚು ತಗಂಬಾ" ಎಂದಳು ಅವ್ವ.

ಲಕ್ಕಮ್ಮ ಮಗಳ ಬಾಣಂತನ ಮುಗಿಸಿ, ಮೊಮ್ಮಗನನ್ನು ಕಂಡ ಖುಷಿಯಲ್ಲಿ ಬೇಲೂರಿನಿಂದ ಬಂದಳು. ತಾಯಿಕೋಳಿ ಹೋದ ಸುದ್ದಿ ಕೇಳಿ "ಅಯ್ಯೋ ಶಿವನೇ" ಎಂದು ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಮರಿಗಳನ್ನು ಎಣಿಸಿದಳು. ನಂಬದೆ ಮತ್ತೆ ಎಣಿಸಿದಳು. ಒಂಬತ್ತೂ ಇದ್ದವು, ರೆಕ್ಕೆ ಬಲಿತು ಅಂಗಳವೆಲ್ಲ ಕೆದರುತ್ತಿದ್ದವು. ನಾನು ಎದೆಯುಬ್ಬಿಸಿ ನಿಂತ ನಿಲುವನ್ನು ನೀವು ನೋಡಬೇಕಿತ್ತು.

"ಪಾಲಿಗೆ ಸಾಕ್ದಂಗಾಯ್ತು ದೊಡ್ಡವ್ವ. ಅರ್ಧ ನಿಮ್ದು, ತಗಳಿ" ಎಂದು ಲಕ್ಕಮ್ಮ ಅವ್ವನಿಗೆ ಹೇಳಿದಳು.

ನ್ಯಾಯವೇ. ಆದರೆ ಒಂಬತ್ತರಲ್ಲಿ ಅರ್ಧವೆಂದರೆ ಒಂದನ್ನು ಕತ್ತರಿಸಬೇಕು, ಆ ಕೆಲಸ ನಮ್ಮ ಮನೆಯಲ್ಲಿ ಆಗದು. ಅವ್ವ ಮರಿಗಳನ್ನು ನೋಡಿದಳು, ಲಕ್ಕಮ್ಮನನ್ನು ನೋಡಿದಳು. ಲಕ್ಕಮ್ಮನ ಪಾಲಿನವು ಯಾವ ಸಾರಿನ ಗಡಿಗೆಗೆ ಹೋಗಬಹುದೆಂದು ಇಬ್ಬರಿಗೂ ಗೊತ್ತಿತ್ತು.

"ಅರ್ಧ ಗಿರ್ಧ ಬ್ಯಾಡ. ಎಲ್ಲಾ ಇಲ್ಲೇ ಇರ್ಲಿ. ಮೊಟ್ಟೆ ನಿಂದು, ಕೂಗು ನಮ್ದು."

"ಹುಂಜ ಮೊಟ್ಟೆ ಇಕ್ಕಲ್ವಲ್ಲ ದೊಡ್ಡವ್ವ!"

"ಅದ್ಕೇ ಕಣೇ ಕೂಗು ನಮ್ದು ಅಂದಿದ್ದು."

ಲಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಪ್ಪಂದವಾಯಿತು.

ಹೀಗೆ ನಮ್ಮ ತೋಟದಲ್ಲಿ ಈಗ ಐದು ಹೇಂಟೆಗಳ ಜೊತೆ ನಾಲ್ಕು ಹುಂಜಗಳು ಮುಪ್ಪಿನವರೆಗೆ ಬಾಳುವ ನಿಶ್ಚಿಂತೆಯಲ್ಲಿ ಓಡಾಡುತ್ತಿವೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡಿದ್ದ ಮುದುಕಿಯ ಕತೆಯನ್ನು ನಮಗೆ ಹೇಳಿ ನಗಿಸುತ್ತಿದ್ದವಳು ಇದೇ ಅವ್ವ. ಈಗ ಹುಂಜ ಕೂಗುತ್ತಲೇ ಎದ್ದು, ವಿಭೂತಿ ಧರಿಸಿ, ಜಗಲಿಗೆ ಬಂದು ಮೂಡಲ ಕಡೆಗೆ ನೋಡುತ್ತಾಳೆ. ಸ್ವಲ್ಪ ಹೊತ್ತಿಗೆ ತೆಂಗಿನ ಗರಿಗಳ ಹಿಂದೆ ಕೆಂಪಾಗುತ್ತದೆ. "ನೋಡ್ದೇನೋ?" ಎನ್ನುತ್ತಾಳೆ. ನೋಡಿದ್ದೇನೆ. ಈವರೆಗೆ ಒಂದು ದಿನವೂ ತಪ್ಪಿಲ್ಲ.