ಹತ್ತಿಹುಲ್ಲಿನ ಹೂಬತ್ತಿ

ಗಿರಿಜಕ್ಕ, ಆ ಗೂಡು ತುಳಿದದ್ದು ನಿಮ್ಮ ನಾಯಿ ಶೇಂಗಾ ಅಲ್ಲ. ನಾನು.

ಈ ಎರಡು ಸಾಲಿಗೆ ಒಂಬತ್ತು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕವು — ಶಿಕಾಗೋ ಹತ್ತಿರದ ಲೆಮಾಂಟಿನ ದೇವಸ್ಥಾನದಲ್ಲಿ ಚಪ್ಪಲಿ ಬಿಡುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಬಹುದಿತ್ತು. ಎಷ್ಟೋ ಸಲ ಅಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಚಪ್ಪಲಿ ಬಿಟ್ಟಿದ್ದೇನೆ. ಹೇಳಲಿಲ್ಲ.

ನನ್ನನ್ನು ನೀವು ಬಲ್ಲಿರಿ. ಲಿಸ್ಲ್‌ನ ಮನೆಯಿಂದ ಹೊರಟು ಹೈವೇಯಲ್ಲಿ ಎರಡು ಎಕ್ಸಿಟ್ ದಾಟಿದ ಮೇಲೆ ಗರಾಜ್ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂದು ಕಾರು ತಿರುಗಿಸುವವನು. ಬೋಲಿಂಗ್‌ಬ್ರೂಕ್‌ನ ಗೋದಾಮಿನಲ್ಲಿ ನನಗೆ ಸಂಬಳ ಕೊಡುವುದೂ ಹೆದರುವುದಕ್ಕೇ — ಸೇಫ್ಟಿ ಮ್ಯಾನೇಜರ್. ಫೋರ್ಕ್‌ಲಿಫ್ಟ್ ಓಡಾಡುವ ಕಡೆ ನೆಲಕ್ಕೆ ಹಳದಿ ಗೆರೆ ಬಳಿಸಿ, ಇದರೊಳಗೇ ನಡೆಯಿರಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಯಾರಾದರೂ ಗೆರೆ ದಾಟಿ ಏನಾದರೂ ಆದರೆ ವರದಿ ಬರೆಯುವವನೂ ನಾನೇ: ಏನಾಯಿತು, ಯಾರಿದ್ದರು, ಯಾರಿಗೆ ಪೆಟ್ಟಾಯಿತು. ಇಲ್ಲೂ ಹಾಗೇ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಬರುತ್ತದೆ. ಗೊತ್ತಿರುವುದರ ನಡುವೆಯೇ ನನ್ನ ಸುಳ್ಳು ಕೂತಿರುವುದರಿಂದ ಅದನ್ನು ಬಿಡುವಂತಿಲ್ಲ.

ನೀವಾಗ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಸುಧಾ, ನಿಮ್ಮ ಚಿಕ್ಕಪ್ಪನ ಮಗಳು, ನನ್ನ ಹೆಂಡತಿ, ‘ಅಕ್ಕನ ಮನೀಗೆ ಹೋಗೂಣು’ ಎಂದು ಹಟ ಹಿಡಿದು ಜೂನ್ ಮೊದಲ ವಾರದಲ್ಲಿ ಕರೆತಂದಳು. ನಿಮ್ಮ ಹಿತ್ತಿಲ ಗೋಡೆ ಮುಗಿದಲ್ಲಿಂದ ಗುಡ್ಡ ಶುರು. ಅಲ್ಲಿಯವರು ಮೂರ್ ಎನ್ನುತ್ತಿದ್ದ ಆ ಬಯಲು ಗುಡ್ಡ. ಇಂಗ್ಲೆಂಡ್ ಎಂದರೆ ಹಸಿರು ಎಂದು ನಾನು ಅಂದುಕೊಂಡಿದ್ದೆ. ಅಲ್ಲಿ ಕಂದು. ಮೈಲಿಗಟ್ಟಲೆ ಒಂದು ಮರವಿಲ್ಲ, ಗಾಳಿಗೆ ಅಡ್ಡ ನಿಲ್ಲುವುದು ಕುರಿ ಮತ್ತು ಕಲ್ಲಿನ ಗೋಡೆ ಮಾತ್ರ. ಹಳ್ಳದ ನೀರು ಕಾಫಿ ಡಿಕಾಕ್ಷನ್ ಬಣ್ಣ. ಮೊಣಕಾಲೆತ್ತರದ ಕುರುಚಲು ಗಿಡ ತೋರಿಸಿ ನೀವು ‘ಹೆದರ್’ ಎಂದಿರಿ. ನನಗೆ ‘ಹೆದರು’ ಎಂದೇ ಕೇಳಿಸಿತು. ಅಪ್ಪಣೆ ಬೇಕಿರಲಿಲ್ಲ; ಆಗಲೇ ಹೆದರಿದ್ದೆ.

ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡು ಹೊರಟಿದ್ದು ನೆನಪಿದೆಯೇ? ಉಣ್ಣೆಹುಳ, ಹಾವು, ಮಂಜು, ಕೆಸರು — ಆ ಗುಡ್ಡ ನನಗೆ ಏನೇನು ಮಾಡಬಹುದೋ ಎಲ್ಲ ಯೋಚಿಸಿ ಸಿದ್ಧನಾಗಿದ್ದೆ. ಮೊದಲ ದಿನವೇ ಹೆದರಿನ ಪೊದೆಯಿಂದ ಕೆಂಪು ಹುಬ್ಬಿನ ದಪ್ಪ ಹಕ್ಕಿಯೊಂದು ಕಾಲ ಬಳಿಯೇ ಎದ್ದು, ‘ಗೋ-ಬ್ಯಾಕ್, ಗೋ-ಬ್ಯಾಕ್, ಗೋ-ಬ್ಯಾಕ್’ ಎಂದು ಸ್ಪಷ್ಟವಾಗಿ ಬೈಯುತ್ತ ಹೋಯಿತು. ನಾನು ನಿಂತುಬಿಟ್ಟೆ.

“ಗ್ರೌಸ್ ಅದು. ನಿಮಗಷ್ಟ ಅಲ್ರಿ ಮೂರ್ತಿಯವರ, ಎಲ್ಲಾರಿಗೂ ಹಂಗ ಅಂತದ,” ಎಂದು ನೀವು ನಕ್ಕಿರಿ. “ನನಗ ಹದಿನೈದು ವರ್ಷದಿಂದ ಅನ್ನಾಕತ್ತದ. ನಾ ಏನ್ ಹೋದ್ನೇನು?”

ಮತ್ತು ಶೇಂಗಾ. ಶೇಂಗಾಬೀಜದ ಸಿಪ್ಪೆಯ ಬಣ್ಣದ, ಉದ್ದ ಕಿವಿಯ ನಾಯಿ. ಮೊದಲ ಸಂಜೆ ನಾನು ‘ಶೇಂಗಾ, ಕೂತ್ಕೋ’ ಎಂದರೆ ಬಾಲ ಅಲ್ಲಾಡಿಸುತ್ತ ನಿಂತೇ ಇದ್ದ. ಮತ್ತೆ ‘ಕೂತ್ಕೋಪ್ಪ’ ಎಂದೆ. ಊಹೂಂ. ಒಳಗಿನಿಂದ ನೀವು ಕೂಗಿದಿರಿ: “ಅದು ಧಾರವಾಡದ ನಾಯಿ ರೀ! ನಿಮ್ಮ ಮೈಸೂರು ಕನ್ನಡ ಅದಕ್ಕೆಲ್ಲಿ ತಿಳೀಬೇಕು? ‘ಕುಂದ್ರು’ ಅನ್ರಿ.” ನಾನು ‘ಕುಂದ್ರು’ ಎಂದೆ. ತಟ್ಟನೆ ಕೂತ. ಸುಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಮನೆಯಲ್ಲಿ ಆಮೇಲೆ ಎಷ್ಟೋ ತಿಂಗಳು ಅದೇ ತಮಾಷೆ.

ಆ ತಮಾಷೆಯನ್ನೇ ನಾನು — ಇರಲಿ, ಅಲ್ಲಿಗೆ ಬರುತ್ತೇನೆ.

ಮೂರನೆಯ ದಿನ ಬೆಳಗ್ಗೆ ಸುಧಾ ಕಾಲುನೋವೆಂದು ಮನೆಯಲ್ಲೇ ಉಳಿದಳು. ನೀವು, ನಾನು, ಶೇಂಗಾ ಹೊರಟೆವು. ಗುಡ್ಡದ ಗೇಟಿನಲ್ಲಿ ಬೋರ್ಡು: ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ, ನಾಯಿಯನ್ನು ಹಗ್ಗ ಹಾಕಿ ಹಿಡಿಯಿರಿ, ದಾರಿ ಬಿಡಬೇಡಿ. ಆ ಬೋರ್ಡಿಗಿಂತ ನೀವು ಕಟ್ಟುನಿಟ್ಟು. ಪ್ರತಿ ಭಾನುವಾರ ಊರಿನ ನಾಲ್ಕು ಜನರ ಜೊತೆ ಆ ಗುಡ್ಡ ಸುತ್ತಿ ಗೂಡು ಲೆಕ್ಕ ಮಾಡುತ್ತಿದ್ದವರು. ಅಲ್ಲಿ ಕರ್ಲ್ಯೂ ಎಂಬ ಹಕ್ಕಿ ಆಗಲೇ ಕೂಗುತ್ತಿತ್ತು — ಕುಡುಗೋಲಿನ ಹಾಗೆ ಬಾಗಿದ ಉದ್ದ ಕೊಕ್ಕು, ಮೇಲೇರುತ್ತ ಏರುತ್ತ ನೀರು ಗುಳುಗುಳು ಎಂದಂತೆ ಒಡೆದುಹೋಗುವ ಕೂಗು. ನೀವು ದೊಡ್ಡ ಬಂಡೆಯ ಆಚೆ ಕೈ ತೋರಿಸಿದಿರಿ.

“ಈ ವರ್ಷ ಈ ಕಡಿ ಉಳದದ್ದು ಇದೊಂದ ಗೂಡು. ತತ್ತಿ ಇಟ್ಟು ನಾಲ್ಕ ದಿನ ಆಗೇದ. ಆ ಬಿಳೀ ಹುಲ್ಲಿನ ಹತ್ರ ಮಾತ್ರ ಹೋಗಬ್ಯಾಡ್ರಿ ಮತ್ತ.”

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಮಾತು ಕಡಿದುಹೋಯಿತು; ಸಿಗ್ನಲ್ ಸರಿಯಾಗಿ ಸಿಗುವುದು ಗೇಟಿನ ಹತ್ತಿರ ಮಾತ್ರ. ಹಗ್ಗವನ್ನು ನನ್ನ ಕೈಗೆ ಕೊಟ್ಟು ನೀವು ಹಿಂದಕ್ಕೆ ಹೋದಿರಿ.

ಬಿಳೀ ಹುಲ್ಲು. ಹತ್ತಿಹುಲ್ಲು ಎಂದು ಹಿಂದಿನ ದಿನ ನೀವೇ ಹೆಸರು ಹೇಳಿದ್ದಿರಿ. ಕಪ್ಪು ಕೆಸರಿನ ಮೇಲೆ ಸಾವಿರಾರು ಬಿಳಿ ಗೊಂಚಲು, ಗಾಳಿಗೆ ಒಂದೇ ಕಡೆ ಬಾಗಿ — ಯಾರೋ ಹೂಬತ್ತಿ ಹೊಸೆಯಲೆಂದು ಹತ್ತಿ ಬಿಡಿಸಿ ಹರವಿದ ಹಾಗೆ. ನನಗೆ ಹೊಳೆದದ್ದೂ ಅದೇ. ಇದರಲ್ಲಿ ಬತ್ತಿ ಮಾಡಿ ಕಾರ್ತೀಕದಲ್ಲಿ ಲೆಮಾಂಟಿನ ದೇವಸ್ಥಾನದಲ್ಲಿ ಹಚ್ಚಿದರೆ! ಇಂಗ್ಲೆಂಡಿನ ಗುಡ್ಡದ ಹತ್ತಿ! ಯಾರಿಗಿದ್ದೀತು ಅಂಥ ಬತ್ತಿ? ಜೀವನದಲ್ಲಿ ಒಂದು ಸಲವಾದರೂ ಹೆದರುಪುಕ್ಕ ಮೂರ್ತಿ ಏನೋ ವಿಶೇಷ ತಂದ ಎನ್ನಿಸಿಕೊಳ್ಳುವ ಆಸೆ. ಭಕ್ತಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಭಕ್ತಿಯಲ್ಲ, ಅಕ್ಕ.

ಎರಡೂ ಕೈ ಬೇಕಿತ್ತು. ಬಂಡೆ ದಾಟಿ ಹೋಗಿ, ಹಗ್ಗದ ತುದಿಯನ್ನು ಒಂದು ಕಲ್ಲಿನ ಕೆಳಗೆ ಸಿಕ್ಕಿಸಿ, ಶೇಂಗಾನಿಗೆ ‘ಕುಂದ್ರು’ ಎಂದೆ. ಕೂತ. ನಾನು ದಾರಿ ಬಿಟ್ಟು ಇಳಿದೆ. ಹತ್ತು ಹೆಜ್ಜೆ, ಹದಿನೈದು. ಕರ್ಲ್ಯೂ ಎದ್ದು ತಲೆಯ ಮೇಲೆ ಸುತ್ತುತ್ತ ಚೀರತೊಡಗಿತು. ಅದು ನನಗೇ ಹೇಳುತ್ತಿದೆ ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ಇನ್ನೊಂದೇ ಗೊಂಚಲು ಎಂದುಕೊಂಡೆ. ತಿರುಗಿ ನೋಡಿದೆ. ಶೇಂಗಾ ಕೂತಲ್ಲೇ ಕೂತಿದ್ದ, ಕಿವಿ ನೆಟ್ಟಗೆ ಮಾಡಿ, ಇವನಿಗೇನಾಯಿತು ಎನ್ನುವಂತೆ ನನ್ನನ್ನೇ ನೋಡುತ್ತ.

ಆಮೇಲೆ ಎಡಗಾಲಿನ ಬೂಟಿನ ಕೆಳಗೆ ಆ ಸದ್ದು. ಸದ್ದು ಎಂದೇನೂ ಇಲ್ಲ, ಗಾಳಿಯಲ್ಲಿ ಕೇಳುವಂಥದ್ದಲ್ಲ — ಕಾಲಿಗೇ ಗೊತ್ತಾಯಿತು. ಒಣಹುಲ್ಲಿನ ತಗ್ಗಿನಲ್ಲಿ ನಾಲ್ಕು. ಹಸಿರು-ಕಂದು, ಮೇಲೆ ಮಸಿ ಚಿಮುಕಿಸಿದಂಥ ಚುಕ್ಕೆ. ಮೂರು ಒಡೆದಿದ್ದವು. ನಾಲ್ಕನೆಯದು ಇನ್ನೂ ಇಡಿಯಾಗಿತ್ತು. ನಾನು ಕಿರುಚಿಕೊಂಡು ಹಿಂದೆ ಸರಿಯುವಾಗ ಅದನ್ನೂ —

ನನ್ನ ಕಿರುಚಾಟಕ್ಕೆ ಶೇಂಗಾ ಕಲ್ಲಿನಡಿಯಿಂದ ಹಗ್ಗ ಎಳೆದುಕೊಂಡು ಓಡಿ ಬಂದ. ನನಗೇನೋ ಆಗಿದೆ ಎಂದೇ ಬಂದ. ಮೊದಲು ನನ್ನ ಕೈ ಮೂಸಿದ. ಆಮೇಲೆ ಬೂಟು, ಆಮೇಲೆ ನೆಲ. ನಾನು ತಡೆಯಲಿಲ್ಲ. ಅವನ ಮೂತಿಗೆಲ್ಲ ಹಳದಿ ಮೆತ್ತಿಕೊಂಡಿತು. ನೋಡುತ್ತ ನಿಂತೆ, ಅಕ್ಕ — ನನ್ನ ಬೂಟನ್ನು ಪಾಚಿಗೆ ಉಜ್ಜಿ ಒರೆಸಿಕೊಳ್ಳುತ್ತ.

ನೀವು ಬಂಡೆ ದಾಟಿ ಬಂದಾಗ ಕಂಡದ್ದು ಅಷ್ಟೇ: ಒಡೆದ ಗೂಡು, ಹಗ್ಗ ಎಳೆದುಕೊಂಡ ನಾಯಿ, ಹಳದಿ ಮೂತಿ.

“ಅಯ್ಯ ಶೇಂಗಾ! ಏನ್ ಮಾಡ್ದೀಯೋ!”

ಆಗ ನಾನು ಆಡಿದ ಮಾತು ಇದು. ಇಷ್ಟು ವರ್ಷದಲ್ಲಿ ಒಂದಕ್ಷರ ಮರೆತಿಲ್ಲ:

“ಕೂತ್ಕೋ ಕೂತ್ಕೋ ಅಂದೆ ಅಕ್ಕ, ನನ್ನ ಭಾಷೆ ಅವನಿಗೆ ಗೊತ್ತಾಗ್ಲಿಲ್ಲ. ಕೈಯಿಂದ ಬಿಡಿಸ್ಕೊಂಡು ಓಡಿಬಿಟ್ಟ.”

ನೋಡಿ, ತಮಾಷೆಯೇ ನನಗೆ ಸಾಕ್ಷಿಯಾಯಿತು. ಹಿಂದಿನ ಸಂಜೆಗಳ ನಗು ಇನ್ನೂ ಹಸಿಯಾಗಿತ್ತು. ನೀವು ಅನುಮಾನಪಡಲು ಕಾರಣವೇ ಇರಲಿಲ್ಲ. ಬದಲಿಗೆ ನನಗೇ ಸಮಾಧಾನ ಹೇಳಿದಿರಿ. “ನಿಮ್ದೇನ್ ತಪ್ಪಿಲ್ರಿ. ಹಗ್ಗ ನಾ ಕೊಡಬಾರದಿತ್ತು.” ನನ್ನ ಕೈಯಲ್ಲಿದ್ದ ಹತ್ತಿಯನ್ನು ಆಗಲೇ ಕನ್ನಡಕದ ಡಬ್ಬಿಗೆ ತುರುಕಿದ್ದೆ.

ಆ ಮಧ್ಯಾಹ್ನವೇ ನೀವು ಗುಡ್ಡ ಕಾಯುವವನ ಮನೆಗೆ ಹೋಗಿ, ‘ನನ್ನ ನಾಯಿ ಮಾಡಿದ್ದು’ ಎಂದು ಹೇಳಿ ಬಂದಿರಿ. ನಾನು ಕಾರಿನಲ್ಲಿ ಕೂತಿದ್ದೆ. ಅವನು ಕೂಗಾಡಲಿಲ್ಲ. ಟೋಪಿ ತೆಗೆದು ಸುಮ್ಮನೆ ತಲೆ ತಗ್ಗಿಸಿ ನಿಂತ. ಅದನ್ನು ನೋಡಲಾರದೆ ಫೋನು ತೆಗೆದು ಹವಾಮಾನ ನೋಡಿದೆ — ಸಿಗ್ನಲ್ ಇಲ್ಲದ ಫೋನಿನಲ್ಲಿ.

ವಾಪಸು ಬರುವಾಗ ಶಿಕಾಗೋ ಏರ್‌ಪೋರ್ಟಿನಲ್ಲಿ ಗಿಡ, ಬೀಜ, ತಿಂಡಿ ಏನಾದರೂ ತಂದಿದ್ದೀರಾ ಎಂದು ಕೇಳಿದರು. ನೀವು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ತೆರೆದು ತೋರಿಸಿ, ಅದರಲ್ಲಿ ಏನೇನಿದೆ ಎಂದು ಬೆಳ್ಳುಳ್ಳಿಯವರೆಗೆ ವಿವರಿಸಿದೆ. ಅಧಿಕಾರಿ ನಕ್ಕು, ಸಾಕು ಹೋಗಿ ಎಂದ. ಕನ್ನಡಕದ ಡಬ್ಬಿಯ ವಿಷಯ ಹೇಳಲಿಲ್ಲ. ಯಾವುದಕ್ಕೆ ಪ್ರಾಮಾಣಿಕನಾಗಬೇಕು ಎಂದು ಆರಿಸಿಕೊಳ್ಳುವುದರಲ್ಲಿ ನಾನು ಅಷ್ಟು ಹುಷಾರು.

ಕಾರ್ತೀಕಕ್ಕೆ ಅದರಲ್ಲಿ ಎರಡೇ ಬತ್ತಿ ಆದವು. ಸುಧಾ ಹೊಸೆದಳು. ಎಳೆ ಕೂಡಿಕೊಳ್ಳುತ್ತಿರಲಿಲ್ಲ, ಉದುರುತ್ತಿತ್ತು. ಹಚ್ಚಿದರೆ ಭಗ್ಗನೆ ಹತ್ತಿ, ಎಣ್ಣೆ ಹೀರುವ ಮೊದಲೇ ಕರಕಲಾಯಿತು. ಆದರೂ ಸುತ್ತ ಇದ್ದವರೆಲ್ಲ ಫೋಟೋ ತೆಗೆದರು. ‘ಅಂಕಲ್, ಸೋ ಕೂಲ್’ ಎಂದಿತು ಒಂದು ಮಗು.

ಅದೇ ವಾರ ನೀವು ಫೋನ್ ಮಾಡಿ ಶೇಂಗಾನನ್ನು ಕೊಟ್ಟುಬಿಟ್ಟೆ ಎಂದಿರಿ. ತತ್ತಿಯ ರುಚಿ ಹತ್ತಿದ ನಾಯಿಯನ್ನು ಗುಡ್ಡದ ಹತ್ತಿರ ಇಟ್ಟುಕೊಳ್ಳುವಂತಿಲ್ಲ, ದೂರದ ಪಟ್ಟಣದಲ್ಲಿ ಒಳ್ಳೆಯ ಮನೆ ಸಿಕ್ಕಿತು, ಅವರಿಗೆ ಕನ್ನಡ ಬಾರದು, ಅದಕ್ಕೇ ‘ಕುಂದ್ರು’ ಎನ್ನುವುದೊಂದನ್ನು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆ ಎಂದಿರಿ. ಆಗಲೂ ಹೇಳಬಹುದಿತ್ತು. ಒಂದೇ ಫೋನಿನಲ್ಲಿ ಅವನು ಮನೆಗೆ ವಾಪಸು ಬರುತ್ತಿದ್ದ. ನಾನು ಹೇಳಿದ್ದು, “ಪಾಪ, ಒಳ್ಳೇದಾಯ್ತು ಬಿಡಿ ಅಕ್ಕ.” ಗೂಡು ಲೆಕ್ಕ ಮಾಡುವುದನ್ನೂ ನೀವು ಬಿಟ್ಟಿರಿ, ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು. ಶೇಂಗಾ ಆಮೇಲೆ ಎರಡು ವರ್ಷ ಬದುಕಿದ್ದ. ಆ ಮನೆಯಲ್ಲೇ ಸತ್ತ.

ನೀವು ನಿವೃತ್ತರಾಗಿ ಮಗಳ ಮನೆಗೆ, ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ಗೆ ಬಂದಾಗ ಸುಧಾ ಕುಣಿದಾಡಿದಳು. ನಾನು ಮೈಲಿ ಎಣಿಸಿದೆ. ಎಷ್ಟು ದೂರವಿದ್ದರೂ ಹಬ್ಬಕ್ಕೆ ಲೆಮಾಂಟಿಗೆ ಬರುತ್ತೀರಿ, ಎದುರಾಗುತ್ತೀರಿ.

ಹೋದ ಭಾನುವಾರ ಎದುರಾದಿರಿ. ದೇವಸ್ಥಾನದ ಕೆಳಗಿನ ಊಟದ ಹಾಲ್‌ನಲ್ಲಿ ನಿಮ್ಮ ಮೊಮ್ಮಗಳು ತೋಳು ಜಗ್ಗುತ್ತಿದ್ದಳು. “ಅಜ್ಜಿ, ಪ್ಲೀಸ್! ಅಮ್ಮ ಸೆಡ್ ಇಟ್ಸ್ ಅಪ್ ಟು ಯೂ. ಜಸ್ಟ್ ಒನ್ ಪಪ್ಪಿ!” ನೀವು ಅವಳ ತಲೆ ಸವರಿ ಹೇಳಿದಿರಿ:

“ನನ್ನ ಕೈಯಾಗ ನಾಯಿ ಛಲೋ ಆಗೂದಿಲ್ಲವ್ವಾ. ಒಂದನ್ನ ಸಾಕಿದ್ದೆ, ಸರಿಯಾಗಿ ಕಲಸಲಿಲ್ಲ. ಬೇಕಾರ ಈ ಮಾಮಾನ್ನ ಕೇಳು, ಅವ್ರು ನೋಡ್ಯಾರ.”

ಆ ಹುಡುಗಿ ನನ್ನ ಕಡೆ ತಿರುಗಿದಳು. “ಈಸ್ ದಟ್ ಟ್ರೂ?”

ನನ್ನ ಕೈಯಲ್ಲಿ ಪುಳಿಯೋಗರೆಯ ತಟ್ಟೆ. “ಇದು ತಗೋ ಪುಟ್ಟಿ, ಚೆನ್ನಾಗಿದೆ,” ಎಂದೆ. ಅವಳು ತಗೊಳ್ಳಲಿಲ್ಲ. ನೋಡುತ್ತಲೇ ಇದ್ದಳು.

ಇವತ್ತು ಬೆಳಗ್ಗೆ ಕಾಫಿಯ ಹೊತ್ತಿಗೆ ಸುಧಾಳಿಗೆ ಎಲ್ಲ ಹೇಳಿದೆ. ಅವಳು ಲೋಟ ಕೆಳಗಿಟ್ಟಳು. “ಆ ಬತ್ತೀ ಕಥಿ ನಾ ಎಷ್ಟ್ ಮಂದಿಗೆ ಹೇಳೀನಿ, ಗೊತ್ತೇನ್ ನಿಮಗ?” ಎಂದಳು. ಅಷ್ಟೇ. ಆಮೇಲೆ ನಾನು ಫೋನ್ ಎತ್ತಿಕೊಂಡಾಗ ಕೈಯಿಂದ ಕಿತ್ತುಕೊಂಡಳು. “ಫೋನಿನ್ಯಾಗ ಬ್ಯಾಡ. ಹೋಗಿ ಆಕಿ ಮುಂದ ನಿಂತು ಹೇಳ್ರಿ. ನಾ ಬರೂದಿಲ್ಲ.”

ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ಬೆಳಗ್ಗೆ ಹೊರಟು ಒಬ್ಬನೇ ಕ್ಯಾಂಟನ್‌ಗೆ ಬರುತ್ತೇನೆ. ಗರಾಜ್ ಬಾಗಿಲು ತೆರೆದೇ ಇದ್ದರೂ ತಿರುಗಿ ಹೋಗುವುದಿಲ್ಲ. ನಿಮ್ಮ ಮೊಮ್ಮಗಳನ್ನೂ ಕರೆದು ಕೂರಿಸಿಕೊಳ್ಳಿ. ಕೇಳಿದ್ದು ಅವಳು, ಉತ್ತರ ಅವಳಿಗೂ ಸಲ್ಲಬೇಕು. ನಿಂತುಕೊಂಡೇ ಓದುತ್ತೇನೆ. ನಡುವೆ ನಿಲ್ಲಿಸಬೇಕಾಗಿ ಬಂದು ಉಳಿದದ್ದೆಲ್ಲ ಓದಲಾಗದೆ ಹೋದರೆ, ಕಡೆಯ ಸಾಲೊಂದನ್ನಾದರೂ ಹೇಳಿಯೇ ತೀರುತ್ತೇನೆ.

ನಾನು ‘ಕುಂದ್ರು’ ಅಂದಿದ್ದೆ, ಅಕ್ಕ. ಅವನು ಕೂತಿದ್ದ.