ಮೂರನೆಯ ದಿನ ಕಂಡದ್ದು

ಆ ಬೋಗುಣಿಗೆ ಕುದಿಯುವ ನೀರು ಸುರಿದವಳು ನಾನು. ಸುರಿದ ಮೇಲೆ ಪುಸ್ತಕದಲ್ಲಿ "ಏನೂ ಕಾಣಲಿಲ್ಲ" ಎಂದು ಬರೆದವಳೂ ನಾನೇ. ಮೊದಲನೆಯದನ್ನು ಯಾರೂ ನೋಡಲಿಲ್ಲ. ಎರಡನೆಯದು ನನ್ನ ದುಂಡು ಅಕ್ಷರದಲ್ಲಿ, ನನ್ನ ಸಹಿಯ ಜೊತೆ, ಆರು ವರ್ಷಗಳಿಂದ ಪಂಚಾಯತಿಯ ಕಡತದೊಳಗೆ ಕುಳಿತಿದೆ.

ಬೆಳ್ಮಣ್‌ನಿಂದ ಕಾರ್ಕಳದ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಒಂದು ಊರಿನಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಇಪ್ಪತ್ತಮೂರು ವರ್ಷವಾಯಿತು. ಯಾವ ಮಗು ಎಷ್ಟು ತೂಗಿತು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ, ಮೊಟ್ಟೆ ಎಷ್ಟು ಬಂತು, ಎಷ್ಟು ಒಡೆದಿತ್ತು — ಎಲ್ಲವನ್ನೂ ಅದೇ ದಿನ ಬರೆದಿಡುವ ಅಭ್ಯಾಸ. ಮೇಲ್ವಿಚಾರಕಿ ಬಂದಾಗ ಬೇರೆ ಕೇಂದ್ರದವರಿಗೆ ನನ್ನ ಪುಸ್ತಕ ತೋರಿಸಿ, ಹೀಗೆ ಇಡಬೇಕು ಎನ್ನುತ್ತಿದ್ದರು. ಊರಿಗೆ ನನ್ನ ಮೇಲೆ ನಂಬಿಕೆ ಬಂದದ್ದು ಅಲ್ಲಿಂದ. ನಾನು ಮುರಿದದ್ದೂ ಅದನ್ನೇ.

ಅಂಗನವಾಡಿಯ ಹಿಂದೆ ಒಂದು ಪದವು ಇತ್ತು. ಪದವು ಎಂದರೆ ನಮ್ಮಲ್ಲಿ ಕೆಂಪು ಮುರಕಲ್ಲಿನ ಬೋಳು ಬಯಲುಗುಡ್ಡ; ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಸುಡುತ್ತದೆ, ಮಳೆಗಾಲದಲ್ಲಿ ಹಸಿರು ಪಾಚಿ ಹಿಡಿದು ಜಾರುತ್ತದೆ. ಅದರ ನಡುವೆ, ನಾಲ್ಕು ಚಾಪೆ ಹಾಸುವಷ್ಟು ಅಗಲದ ಒಂದು ಹೊಂಡ. ಜೂನ್‌ನಲ್ಲಿ ತುಂಬಿ ಅಕ್ಟೋಬರ್ ಮುಗಿಯುವಾಗ ಆರಿಹೋಗುತ್ತಿತ್ತು. ನನಗೆ ಅದು ಮಕ್ಕಳು ಬೀಳದ ಹಾಗೆ ನೋಡಿಕೊಳ್ಳಬೇಕಾದ ಒಂದು ಜಾಗ, ಅಷ್ಟೆ.

ಅದರಲ್ಲಿ ಏನಿದೆ ಎಂದು ತೋರಿಸಿಕೊಟ್ಟವರು ಹಸನಾಕ. ಗಲ್ಫಿನಲ್ಲಿ ಬಹಳ ವರ್ಷ ಲಾರಿ ಓಡಿಸಿ, ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದ ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಅಲ್ಲಿ ಮರುಭೂಮಿಯಲ್ಲಿ ಒಮ್ಮೆ ಮಳೆ ಬಿದ್ದು ನಿಂತ ನೀರಿನಲ್ಲಿ ನಾಲ್ಕೇ ದಿನಕ್ಕೆ ಸಿಗಡಿಯಂಥ ಜೀವ ಈಜಾಡಿದ್ದನ್ನು ಕಂಡಿದ್ದರಂತೆ. ಊರಿಗೆ ಬಂದು ನಮ್ಮ ಪದವಿನ ಹೊಂಡದಲ್ಲಿ ಅಂಥದ್ದನ್ನೇ ನೋಡಿದಾಗ ಅವರಿಗೆ ಹಳೆಯ ಸ್ನೇಹಿತ ಸಿಕ್ಕಿದ ಹಾಗೆ ಆಗಿತ್ತು. ಒಂದು ದಿನ ಬಿಳಿ ಬಟ್ಟಲಿನಲ್ಲಿ ನೀರು ಮೊಗೆದು ನನ್ನ ಮೇಜಿನ ಮೇಲೆ ತಂದಿಟ್ಟರು.

"ನೋಡಿ ವಾರಿಜಕ್ಕ, ಹೊಟ್ಟೆ ಮೇಲೆ ಮಾಡಿ ಈಜುದು. ಕೆಲಸ ಇಲ್ಲದ ಗಂಡಸರ ಹಾಗೆ."

ಅರ್ಧ ಬೆರಳುಗಂಟಿನಷ್ಟು ಉದ್ದ. ಮೈ ಗಾಜಿನ ಹಾಗೆ, ಬಾಲದ ತುದಿ ಮಾತ್ರ ಕೆಂಪು. ಮಲಗಿದಲ್ಲೇ ಹತ್ತಾರು ಕಾಲುಗಳನ್ನು ಒಂದೇ ತಾಳದಲ್ಲಿ ಬೀಸುತ್ತಿತ್ತು. ಜೊತೆಗೆ ಎರಡು ಚಿಪ್ಪಿನ ಇನ್ನೊಂದು, ಮರುವಾಯಿ ಎಂಬ ಚಿಪ್ಪುಮೀನಿನ ಮರಿಯಂತೆ. ನೀರು ಆರಿದರೆ ಇವು ಸಾಯುತ್ತವೆ, ಆದರೆ ಮೊಟ್ಟೆ ಸಾಯುವುದಿಲ್ಲ, ಒಣಮಣ್ಣಿನೊಳಗೆ ವರ್ಷಗಟ್ಟಲೆ ಕಾಯುತ್ತದೆ ಎಂದರು. ಊರಿನವರಿಗೆ ಇದೆಲ್ಲ ತಮಾಷೆ. ತುಳುವಿನಲ್ಲಿ ಸಿಗಡಿಗೆ ಎಟ್ಟಿ ಎನ್ನುತ್ತೇವೆ. ಅವರಿಗೆ ಎಟ್ಟಿ ಬ್ಯಾರಿ ಎಂದು ಹೆಸರು ಬಿತ್ತು. "ಸುಕ್ಕ ಮಾಡ್ಲಿಕ್ಕೆ ಆಗ್ತದಾ ನಿಮ್ಮ ಎಟ್ಟಿ?" ಎಂದು ಅಂಗಡಿಯಲ್ಲಿ ಯಾರಾದರೂ ಕೇಳಿದರೆ, "ಆಗ್ತದೆ ಮಾರಾಯ, ಒಂದು ಪ್ಲೇಟಿಗೆ ನಾಲ್ಕು ಲಕ್ಷ ಹಿಡಿಯಬೇಕು, ನೀನು ಹಿಡ್ಕೊಂಡು ಬಾ" ಎನ್ನುತ್ತಿದ್ದರು. ಆದರೆ ಅರ್ಜಿ ಬರೆಯುವಾಗ ಅವರಲ್ಲಿ ತಮಾಷೆ ಇರಲಿಲ್ಲ.

ಅರ್ಜಿ ಯಾಕೆಂದರೆ, ಆ ಪದವನ್ನು ಸಮತಟ್ಟು ಮಾಡಿ ಮನೆ ಇಲ್ಲದವರಿಗೆ ಐದೈದು ಸೆಂಟ್ಸ್ ನಿವೇಶನ ಕೊಡುವ ತೀರ್ಮಾನ ಆಗಿತ್ತು. ಹದಿನಾಲ್ಕು ಕುಟುಂಬಗಳ ಪಟ್ಟಿ. ಅದರಲ್ಲಿ ಒಂಬತ್ತನೆಯ ಹೆಸರು ನನ್ನದು.

ಇದನ್ನು ನೆಪವೆಂದು ಹೇಳುತ್ತಿಲ್ಲ. ಆದರೆ ಹೇಳದೆ ಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನಾವು ಆರು ಬಾಡಿಗೆ ಮನೆ ಬದಲಿಸಿದ್ದೆವು. ಯಾವ ಮನೆಯಲ್ಲೂ ಗೋಡೆಗೆ ಒಂದು ಮೊಳೆ ಹೊಡೆಯುವ ಮೊದಲು ಕೇಳಬೇಕಿತ್ತು.

ಹಸನಾಕ ಕೇಳಿದ್ದು ನಿವೇಶನ ಬೇಡ ಎಂದಲ್ಲ. ಹೊಂಡ ಮತ್ತು ಅದಕ್ಕೆ ಮಳೆನೀರು ಹರಿದುಬರುವ ಸುತ್ತಲಿನ ಬಂಡೆ ಬಿಟ್ಟು, ಉಳಿದದ್ದರಲ್ಲಿ ಕೊಡಿ ಎಂದು. ಹಾಗೆ ಬಿಟ್ಟರೆ ಹದಿನಾಲ್ಕು ನಿವೇಶನ ಎಂಟಾಗುತ್ತಿತ್ತು. ಒಂಬತ್ತನೆಯವಳು — ಲೆಕ್ಕ ನಿಮಗೆ ಅರ್ಥವಾಯಿತಲ್ಲ.

ಕಾನೂನು ಅವರ ಕೈಗೆ ಸುಲಭವಾಗಿ ಸಿಗಲಿಲ್ಲ. ಕೆರೆಗೆ ರಕ್ಷಣೆ ಉಂಟು, ಆದರೆ ಪಹಣಿಯಲ್ಲಿ ಅಲ್ಲಿ ಕೆರೆ ಇಲ್ಲ, ಬರೀ ಪಾದೆ, ಎಂದರೆ ಬಂಡೆ. ವರ್ಷದಲ್ಲಿ ಏಳು ತಿಂಗಳು ನೀರೇ ಇಲ್ಲದ್ದನ್ನು ಕೆರೆ ಎಂದು ಬರೆಯುವುದು ಹೇಗೆ? ನವಿಲಿಗೆ ಕಾನೂನು ಉಂಟು, ಆಮೆಗೆ ಉಂಟು. ಈ ಜೀವಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ, ಯಾವ ಪಟ್ಟಿಯಲ್ಲಿ ಹುಡುಕುವುದು? ಕೊನೆಗೆ ಉಳಿದದ್ದು ಒಂದೇ ದಾರಿ. ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಜೀವಗಳನ್ನು ಅದು ದಾಖಲಿಸಬೇಕು, ಕಾಪಾಡಬೇಕಾದ ಜಾಗವಿದ್ದರೆ ಮೇಲಕ್ಕೆ ಬರೆಯಬೇಕು ಎಂದು ನಿಯಮ ಉಂಟು. ನಮ್ಮಲ್ಲಿ ಆ ಸಮಿತಿ ಕಾಗದದ ಮೇಲಷ್ಟೇ ಇತ್ತು. ಹಸನಾಕ ಹೋಗಿ ಹೋಗಿ ಅದನ್ನು ಎಬ್ಬಿಸಿದರು.

ಆದರೆ ತಾಲೂಕಿನಿಂದ ಅಧಿಕಾರಿ ಸ್ಥಳ ನೋಡಲು ಬಂದದ್ದು ಮಾರ್ಚಿನಲ್ಲಿ. ಹೊಂಡದ ತಳದಲ್ಲಿ ಒಡೆದ ಮಣ್ಣು, ಒಂದಷ್ಟು ಒಣಹುಲ್ಲು. ಹಸನಾಕ ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಸಮಿತಿಯ ಒಬ್ಬ ಸದಸ್ಯರು, "ಫೋಟೋ ಎಲ್ಲಿಯದ್ದೂ ಆಗ್ಬಹುದು. ದುಬಾಯಿಯದ್ದೂ ಆಗ್ಬಹುದು" ಎಂದರು. ಎಲ್ಲರೂ ನಕ್ಕರು. ಮಳೆಗಾಲದವರೆಗೆ ಕಾಯಿರಿ ಎಂದರೆ ಕಾಯುವ ಹಾಗಿರಲಿಲ್ಲ. ಮೇ ತಿಂಗಳಲ್ಲಿ ಯಂತ್ರ ಬರುವುದಿತ್ತು.

ಆಗ ಹಸನಾಕ ಹೇಳಿದರು: "ಈ ಮಣ್ಣು ತೆಗೀರಿ ಸರ್, ನಿಮ್ಮ ಕೈಯಿಂದಲೇ. ಮಳೆನೀರು ನಾನು ಕಳೆದ ವರ್ಷದ್ದು ಕ್ಯಾನಿನಲ್ಲಿ ಹಿಡಿದಿಟ್ಟಿದ್ದೇನೆ. ಹಾಕಿ ಇಡಿ. ಹದಿನೈದು ದಿನ ಕಳೆದು ನೋಡಿ."

ಅಧಿಕಾರಿ ಒಪ್ಪಿದರು. ಅಗಲದ ಬಿಳಿ ಪಿಂಗಾಣಿ ಬೋಗುಣಿಯಲ್ಲಿ ಎಲ್ಲರ ಎದುರು ಮಣ್ಣು ಹಾಕಿ, ಅರ್ಧದವರೆಗೆ ನೀರು ಹೊಯ್ದು, ಒಳಗಿನದು ಕಾಣುವಷ್ಟು ತೆಳುವಾದ ಪಂಚೆಯ ತುಂಡು ಕಟ್ಟಿ, ದಾರದ ಗಂಟಿನ ಮೇಲೆ ಸಹಿ ಹಾಕಿದ ಚೀಟಿ ಅಂಟಿಸಿದರು. ಎಲ್ಲಿ ಇಡುವುದು? ಪಂಚಾಯತಿಯಲ್ಲಿಟ್ಟರೆ ಹಸನಾಕನಿಗೆ ಅನುಮಾನ, ಹಸನಾಕನ ಮನೆಯಲ್ಲಿಟ್ಟರೆ ಪಂಚಾಯತಿಗೆ.

"ವಾರಿಜಕ್ಕನ ಹತ್ರ ಇರ್ಲಿ," ಎಂದರು ಹಸನಾಕ. "ಅವ್ರ ಹೆಸರು ಪಟ್ಟಿಯಲ್ಲಿ ಉಂಟು, ನನಗೆ ಗೊತ್ತುಂಟು. ಆದ್ರೂ ಇರ್ಲಿ. ಅವ್ರು ಕಂಡದ್ದನ್ನು ಬರೀತಾರೆ."

ನಾನು ತಲೆಯಾಡಿಸಿದೆ.

ಮೊದಲ ದಿನ ಬರೆದೆ: ನೀರು ಕಲಕು, ಏನೂ ಇಲ್ಲ. ಎರಡನೆಯ ದಿನ: ನೀರು ತಿಳಿ, ಏನೂ ಇಲ್ಲ. ಎರಡೂ ನಿಜ. ಮೂರನೆಯ ದಿನ ಬೆಳಿಗ್ಗೆ, ಮಕ್ಕಳು ಬರುವ ಮೊದಲು, ಹಸನಾಕ ಹೇಳಿಕೊಟ್ಟಂತೆ ಬಟ್ಟೆಯ ಒಂದು ಬದಿಗೆ ಮೊಬೈಲಿನ ಬೆಳಕು ಹಿಡಿದೆ. ಬೆಳಕಿನ ಕಡೆಗೆ ಒಂದೊಂದಾಗಿ ಬಂದವು — ರವೆಯ ಕಾಳಿಗಿಂತ ಸಣ್ಣ, ಕೇಸರಿ ಚುಕ್ಕೆಗಳು. ಗಾಳಿಗೆ ಹಾರುವ ಧೂಳಲ್ಲ. ತಡೆದು ತಡೆದು, ನೆಗೆದು ನೆಗೆದು ಈಜುತ್ತಿದ್ದವು. ನಲವತ್ತರವರೆಗೆ ಎಣಿಸಿದೆ. ಮತ್ತೆ ಎಣಿಸಲಾಗಲಿಲ್ಲ.

ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಸಂತೋಷ. ಹಸನಾಕನಿಗೆ ಫೋನ್ ಮಾಡಲು ಮೊಬೈಲ್ ತಿರುಗಿಸಿದೆ ಕೂಡ. ಆಮೇಲೆ ಅದನ್ನು ಮೇಜಿನ ಮೇಲೆ ಮಗುಚಿಟ್ಟೆ. ಕೋಪವಿರಲಿಲ್ಲ. ಮಕ್ಕಳ ಕುಡಿಯುವ ನೀರು ಒಲೆಯ ಮೇಲೆ ಕುದಿಯುತ್ತಿತ್ತು. ದಿನವೂ ಇಳಿಸುವ ಹಾಗೆಯೇ, ಮಸಿಬಟ್ಟೆಯಲ್ಲಿ ಪಾತ್ರೆ ಹಿಡಿದು ಇಳಿಸಿದೆ. ಬಟ್ಟೆ ಬಿಚ್ಚಬೇಕಾಗಲಿಲ್ಲ, ಚೀಟಿ ಹರಿಯಬೇಕಾಗಲಿಲ್ಲ. ಪಂಚೆಯ ಮೇಲೆಯೇ, ನಿಧಾನವಾಗಿ, ನಡುವಿನಿಂದ ಅಂಚಿಗೆ ಸುರಿದೆ.

ನೀರು ಎರಡು ಬೆರಳು ಏರಿತು. ಕಿಟಕಿಯ ಬಿಸಿಲಿಗೆ ಇಟ್ಟೆ. ಉಳಿದ ದಿನಗಳಲ್ಲಿ ಅದು ತಾನಾಗಿ ಇಳಿದು ಮೊದಲಿನಷ್ಟೇ ಆಯಿತು. ಅದನ್ನೂ ಯೋಚಿಸಿದ್ದೆ ಎಂಬುದನ್ನು ನೆನೆದರೆ ಈಗಲೂ — ಬೇಡ. ಸುರಿದದ್ದು ಒಂದು ಕ್ಷಣದ ಬುದ್ಧಿ ಎನ್ನಬಹುದು. ಬಿಸಿಲಿಗೆ ಇಟ್ಟದ್ದು ಹಾಗಲ್ಲ. ಆಮೇಲೆ ಹನ್ನೆರಡು ದಿನ, ದಿನಕ್ಕೊಂದು ಸಾಲು, "ಏನೂ ಕಾಣಲಿಲ್ಲ" ಎಂದು ಬರೆದದ್ದು ಖಂಡಿತ ಹಾಗಲ್ಲ.

ಹದಿನೈದನೆಯ ದಿನ ಅಧಿಕಾರಿ ಬಂದು ಚೀಟಿ ನೋಡಿದರು, ಬಟ್ಟೆ ಬಿಚ್ಚಿದರು, ಕಡ್ಡಿಯಿಂದ ಕಲಕಿದರು. ಪುಸ್ತಕ ತಿರುವಿ, "ಅಕ್ಷರ ಲಾಯ್ಕುಂಟು ನಿಮ್ಮದು" ಎಂದರು. ಆಮೇಲೆ ಕೇಳಿದರು: "ಯಾವ ದಿನವಾದ್ರೂ, ಎಂತಾದ್ರೂ ಕಂಡಿದೆಯಾ?"

"ಇಲ್ಲ ಸರ್."

ಹಸನಾಕ ಬೋಗುಣಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಯಾರ ಮೇಲೂ ಸಂಶಯಪಡಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು ನಿಂತು, "ಕ್ಯಾನ್ ಸರಿ ತೊಳೀಲಿಲ್ಲವೋ ಏನೋ ವಾರಿಜಕ್ಕ. ಅದರಲ್ಲಿ ಮೊದಲು ಎಂತದೋ ಇತ್ತು, ನೆನಪಿಲ್ಲ. ನನ್ನದೇ ತಪ್ಪು. ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ, ಬೇಜಾರು ಮಾಡ್ಬೇಡಿ" ಎಂದರು.

ಪರವಾಗಿಲ್ಲ ಎಂದೆ. ಹೌದು, ಆ ಮಾತನ್ನು ನಾನು ಅವರಿಗೆ ಹೇಳಿದೆ.

ಮೇ ತಿಂಗಳಲ್ಲಿ ಹೊಂಡಕ್ಕೆ ಕೆಂಪುಮಣ್ಣು ಬಿತ್ತು. ನಮಗೆ ಜಾಗ ಸಿಕ್ಕಿತು, ಮನೆ ಆಯಿತು. ಹಸನಾಕ ಮಗಳ ಜೊತೆ ಕಾಪುವಿಗೆ ಹೋಗಿ ನೆಲೆಸಿದರು. ಹೋಗುವ ಮೊದಲು ನಮ್ಮ ಮನೆಯೊಕ್ಕಲಿಗೂ ಬಂದಿದ್ದರು, ಗೋಡೆಗಡಿಯಾರ ತಂದಿದ್ದರು. ಅದಕ್ಕೆ ನಾನೇ ಮೊಳೆ ಹೊಡೆದೆ.

ಹೀಗೆಯೇ ಇದ್ದುಬಿಡುತ್ತಿದ್ದೆನೇನೋ. ಹೋದ ಚಳಿಗಾಲದಲ್ಲಿ ಪಂಚಾಯತಿಯ ಗುಮಾಸ್ತೆ ಬಂದಳು. "ಅಕ್ಕ, ನಿಮ್ಮ ಆ ಎಟ್ಟಿ ಪುಸ್ತಕ ಉಂಟಲ್ವಾ? ನಮ್ಮಲ್ಲಿರುವ ಪ್ರತಿಗೆ ಗೆದ್ದಲು ಹಿಡಿದಿದೆ. ಒಂದು ಜೆರಾಕ್ಸ್ ಬೇಕಿತ್ತು." ಯಾಕೆಂದು ಕೇಳಿದೆ. ಇದೇ ಪದವಿನ ಸಾಲಿನಲ್ಲಿ, ಕಾರ್ಕಳದ ಕಡೆ ಇನ್ನೊಂದು ಹೊಂಡ ಉಂಟು. ಅಲ್ಲಿ ಕಲ್ಲು ತೆಗೆಯುವ ಕೋರೆಗೆ ಅನುಮತಿ ಕೇಳಿದ್ದಾರೆ. ಹಸನಾಕ ಮತ್ತು ಮಣಿಪಾಲದಲ್ಲಿ ಓದುವ ಕೆಲವರು ಸೇರಿ ಅದನ್ನು ಉಳಿಸಬೇಕೆಂದು ಅರ್ಜಿ ಹಾಕಿದ್ದಾರೆ. "ಹಿಂದೆ ಪರೀಕ್ಷೆ ಮಾಡಿದ್ದೇವೆ, ಏನೂ ಇರಲಿಲ್ಲ ಅಂತ ಬರೆದು ಮುಗಿಸುದು. ಬ್ಯಾರಿಗಳಿಗೆ ಪಾಪ ಬೇರೆ ಕೆಲಸ ಇಲ್ಲ" ಎಂದು ನಕ್ಕಳು.

ನನ್ನ ಪುಸ್ತಕ ಇನ್ನೊಂದು ಹೊಂಡವನ್ನೂ ಮುಚ್ಚಲು ಹೊರಟಿತ್ತು. ನಾಳೆ ಕೊಡುತ್ತೇನೆ ಎಂದೆ.

ಗಂಡನಿಗೆ ಅವತ್ತೇ ಹೇಳಿದೆ, ಮೊದಲ ಸಲ. ಅವರು ಊಟದ ತಟ್ಟೆಯಿಂದ ಕೈ ಎತ್ತಿ ಕುಳಿತರು. "ಈಗ ಹೇಳಿ ಎಂತ ಮಾಡುದು? ಮನೆ ಕೆಡವಿ ಹೊಂಡ ತೋಡ್ಲಿಕ್ಕೆ ಆಗ್ತದಾ?" ಆಗುವುದಿಲ್ಲ ಎಂದೆ. "ನಿನ್ನ ಕೆಲಸ ಹೋಗ್ತದೆ" ಎಂದರು. ಹೋಗಬಹುದು ಎಂದೆ. ಆದರೂ ಅವರು ನನ್ನ ಜೊತೆ ಬೆಳಿಗ್ಗೆ ಬಸ್‌ಸ್ಟಾಪಿನವರೆಗೆ ಬಂದರು.

ಕಟಪಾಡಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಹೋದೆ. ಹಸನಾಕ ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಚಾ ತಂದಿಟ್ಟರು. ಕುಡಿಯುವ ಮೊದಲು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಹೇಳಿದೆ. ಬಿಸಿನೀರು, ಬಿಸಿಲು, ಹನ್ನೆರಡು ಸಾಲು — ಏನೂ ಬಿಡಲಿಲ್ಲ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟು ಕೇಳಿದರು: "ಎಷ್ಟನೆಯ ದಿನ ಕಂಡದ್ದು?"

"ಮೂರನೆಯ ದಿನ."

"ಎಷ್ಟಿತ್ತು?"

"ನಲವತ್ತು ಎಣಿಸಿದೆ. ಹೆಚ್ಚಿತ್ತು."

"ಹಾಗಾದ್ರೆ ನೀರು ಸರಿಯಾಗಿಯೇ ಇತ್ತು," ಎಂದರು. ನನಗಲ್ಲ, ತಮಗೇ ಹೇಳಿಕೊಂಡದ್ದು. ಆರು ವರ್ಷ ಆ ಮನುಷ್ಯ ಒಂದು ಕ್ಯಾನಿನ ಬಗ್ಗೆ ಯೋಚಿಸಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗ.

ಕನ್ನಡಕ ಮತ್ತೆ ಹಾಕಿಕೊಂಡು, "ಬರೆದು ಕೊಡಿ" ಎಂದರು. "ನನಗೆ ಬೇಡ. ಅವರಿಗೆ." ಗೋಡೆ ಹಿಡಿದು ಎದ್ದು ಒಳಗೆ ಹೋದರು. ಕಾದೆ, ಹೊರಗೆ ಬರಲಿಲ್ಲ. ಅವರ ಹೆಂಡತಿ ತಣ್ಣಗಾದ ಚಾದ ಲೋಟ ಎತ್ತಿಕೊಂಡು, "ಬಸ್ಸಿಗೆ ಹೊತ್ತಾಗ್ತದೆ ನಿಮಗೆ" ಎಂದರು.

ಬರೆದು ಕೊಟ್ಟಿದ್ದೇನೆ. ಪಂಚಾಯತಿಗೆ, ತಾಲೂಕಿಗೆ, ನನ್ನ ಇಲಾಖೆಗೆ, ಮೂರು ಪ್ರತಿ. ಮೂರಕ್ಕೂ ಸ್ವೀಕೃತಿ ಮುದ್ರೆ ಬಿದ್ದಿದೆ. ಇಲಾಖೆಯಿಂದ ವಿವರಣೆ ಕೇಳಿ ನೋಟಿಸ್ ಬಂತು. ವಿವರಣೆಯಲ್ಲಿ ಹೊಸದೇನೂ ಇಲ್ಲ, ಇದೇ. ಈ ಸಾಲಿನ ಉಳಿದ ಹದಿಮೂರು ಮನೆಯವರಲ್ಲಿ ಕೆಲವರು ನನ್ನನ್ನು ಕಂಡರೆ ಗೇಟು ಹಾಕಿಕೊಳ್ಳುತ್ತಾರೆ. ತಮ್ಮ ಜಾಗಕ್ಕೂ ತೊಂದರೆ ಬಂದೀತೆಂಬ ಹೆದರಿಕೆ ಅವರಿಗೆ. ಅದನ್ನೂ ನಾನೇ ತಂದಿಟ್ಟದ್ದು.

ಕಾರ್ಕಳದ ಕಡೆಯ ಹೊಂಡದ ತೀರ್ಮಾನವನ್ನು ಮಳೆಗಾಲದವರೆಗೆ ಮುಂದೂಡಿದ್ದಾರಂತೆ. ಈ ಸಲ ನೀರು ತುಂಬಿದ ಮೇಲೆಯೇ ಅಧಿಕಾರಿಗಳು ಬರುತ್ತಾರಂತೆ. ದಿನವೂ ನೋಡಿ ಬರೆದಿಡಲು ಆ ಕಡೆಯವರು ಯಾರಾದರೂ ಬೇಕು ಎಂದು ಹಸನಾಕ ಹುಡುಕುತ್ತಿದ್ದಾರೆ ಎಂದು ಗುಮಾಸ್ತೆ ಹೇಳಿದಳು. ನನ್ನನ್ನು ಕೇಳಿಲ್ಲ. ನಮ್ಮೂರಿನಿಂದ ಅಲ್ಲಿಗೆ ನೇರ ಬಸ್ಸು ಉಂಟು, ಇಪ್ಪತ್ತು ನಿಮಿಷದ ದಾರಿ. ನಾನು ಹೋಗುವುದಿಲ್ಲ. ಆ ನೀರಿನಲ್ಲಿ ಏನಿದೆ, ಏನಿಲ್ಲ ಎಂದು ಬರೆಯಬೇಕಾದ ಕೈ ನನ್ನದಲ್ಲ.