ಅರುಣಾಳ ಮೂರನೇ ಪ್ಲಗ್ಗು

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಅರುಣಾ ಕೋಪ ಬಂದರೆ ಕೂಗಾಡುವವಳಲ್ಲ, ಏನನ್ನಾದರೂ ಬಿಚ್ಚಲು ಕೂರುವವಳು. ಮದುವೆಯಾದ ವರ್ಷ ಮಿಕ್ಸಿ ಬಿಚ್ಚಿದ್ದಳು. ಆಮೇಲೆ ನೀರೆತ್ತುವ ಮೋಟಾರು, ಒಮ್ಮೆ ಗಂಡನ ಮೇಲಿನ ಸಿಟ್ಟಿಗೆ ಗೋಡೆ ಗಡಿಯಾರ. ಆ ಗಡಿಯಾರ ಇವತ್ತಿಗೂ ಐದು ನಿಮಿಷ ಮುಂದೆ ಓಡುತ್ತದೆ, ಆದರೆ ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಅವಳು ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಕಂಡಾಗ ಗಂಡ ಶಶಿಧರ್ ಪೇಪರ್ ಮಡಚಿಕೊಂಡು ಮೆಲ್ಲಗೆ ಒಳಗೆ ಹೋದ.

ಅವಳ ಸಿಟ್ಟಿಗೆ ಕಾರಣವಿತ್ತು. ಅರುಣಾ ಬೇಲೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಐದಕ್ಕೆ ಮನೆ ಬಿಟ್ಟು, ಬೇಲೂರು ದಾಟಿ, ಬಿಕ್ಕೋಡಿನಾಚೆಯ ಕಾಫಿ ತೋಟಗಳ ಕೂಲಿಯವರ ಸಾಲುಮನೆಗಳಿಗೆ, ಅಂದರೆ ಲೈನುಗಳಿಗೆ ಹೋಗಿ, ಮನೆಮನೆಯಲ್ಲಿ ರಕ್ತ ತೆಗೆದು, ಎರಡು ತಾಸಿನೊಳಗೆ ಲ್ಯಾಬಿಗೆ ತಂದು ಮುಟ್ಟಿಸಬೇಕು. ಖಾಲಿ ಹೊಟ್ಟೆಯಲ್ಲಿ ಕೊಡುವ ರಕ್ತ ಅದು. ಇವಳು ತಡಮಾಡಿದರೆ ಅಲ್ಲಿ ಸಕ್ಕರೆ ಕಾಯಿಲೆಯ ಹೆಂಗಸರು ಒಂದು ಗುಟುಕು ಕಾಫಿಯನ್ನೂ ಕುಡಿಯದೆ ಬಾಗಿಲಲ್ಲಿ ಕೂತಿರುತ್ತಾರೆ. ಹನ್ನೆರಡು ವರ್ಷ ಬಸ್ಸು, ಜೀಪು ನಂಬಿ ಆ ದಾರಿ ತುಳಿದವಳು ಹೋದ ವರ್ಷ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನವರಿಂದ ಈ ಹಳೆಯ ಟರ್ಬೊ ಕಾರನ್ನು ಕೊಂಡಳು. ಮೂರೇ ಸಿಲಿಂಡರಿನ ಪುಟ್ಟ ಎಂಜಿನ್ನು. ಆದರೆ ಟರ್ಬೊ ಅದಕ್ಕೆ ಗಾಳಿಯನ್ನು ಒತ್ತಿ ತುಂಬುವುದರಿಂದ ಏರಿನಲ್ಲಿ ದೊಡ್ಡ ಗಾಡಿಯ ಹಾಗೆ ಎಳೆಯುತ್ತಿತ್ತು. ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಇರಲಿಲ್ಲ. "ಅದು ಅಂದಕ್ಕೆ ಅಷ್ಟೇ ಕಣಮ್ಮ, ಎಲ್ಲೋ ಕಳದೋಯ್ತು" ಎಂದು ಮರುಳಪ್ಪ ನಕ್ಕಿದ್ದರು. ಅವರ ಮಾತು ಕೇಳಿ ಅರುಣಾನೂ ನಕ್ಕಿದ್ದಳು.

ಬೇಸಿಗೆ ಹಿಡಿಯುವವರೆಗೂ ಕಾರು ಚಿನ್ನದಂತಿತ್ತು. ಆಮೇಲೆ ಶುರುವಾಯಿತು ರಗಳೆ. ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿ ಓಡುವ ಕಾರು, ತೋಟದ ಏರಿನಲ್ಲಿ ಕಾಲೊತ್ತಿದ ಕೂಡಲೇ ಬಿಕ್ಕಳಿಸತೊಡಗುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಹಳದಿ ದೀಪ ಮಿಣುಕುತ್ತಿತ್ತು, ಹಿಂದಿನಿಂದ ಜೀಪಿನವರು ಹಾರ್ನ್ ಹೊಡೆಯುತ್ತಿದ್ದರು.

ಬೇಲೂರಿನ ಮೆಕ್ಯಾನಿಕ್ ಸಂತೋಷ್ ಬಳಿಗೆ ಹೋದಳು. ಅವನು ಮೂರೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದ. ಮೂರು ವಾರ ಸುಖ, ಮತ್ತೆ ಬಿಕ್ಕಳಿಕೆ. ಮತ್ತೆ ಪ್ಲಗ್ಗು, ಮತ್ತೆ ಮೂರು ವಾರ. ಮೂರನೇ ಸಲ ಹೋದಾಗ ಅರುಣಾ ಪಕ್ಕದಲ್ಲೇ ನಿಂತಿದ್ದರೂ ಅವನು ಮಾತಾಡಿದ್ದು ಶಶಿಧರನ ಜೊತೆ. "ಪೆಟ್ರೋಲ್ ಸರಿ ಇಲ್ಲ ಸಾರ್. ಮೇಡಂ ಗೇರ್ ಸರಿಯಾಗಿ ಹಾಕ್ತಾರಾ ಅಂತ ಒಂಚೂರು ನೋಡ್ಕಳಿ." ಶಶಿಧರ್ ಗಂಭೀರವಾಗಿ ತಲೆಯಾಡಿಸಿದ. ಇಪ್ಪತ್ತು ವರ್ಷದ ಹಿಂದೆ ಡ್ರೈವಿಂಗ್ ಕಲಿಯಲು ಹೋಗಿ ಪಕ್ಕದ ಮನೆಯ ಹುಲ್ಲಿನ ಬಣವೆಗೆ ಗಾಡಿ ನುಗ್ಗಿಸಿದ ಮೇಲೆ ಸ್ಟಿಯರಿಂಗ್ ಮುಟ್ಟದ ಮನುಷ್ಯ ಅವನು! ಅರುಣಾಗೆ ಮೈಯೆಲ್ಲಾ ಉರಿದುಹೋಯಿತು. ಸಂತೋಷ್ ಕೊನೆಗೆ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಎಂಜಿನ್ನಿಗೆ ನೀರ್ ಬಿಟ್ಟು ತೊಳಿತೀರಾ?" ಇಲ್ಲ ಅಂದಳು. ಅದು ನಿಜವೂ ಆಗಿತ್ತು.

ಆ ಗುರುವಾರ ಕಾರು ಏರಿನ ನಡುವೆ ಪೂರ್ತಿ ಕೈಕೊಟ್ಟಿತು. ಎರಡು ತಾಸು ಸ್ಟಾರ್ಟ್ ಮಾಡಲು ಒದ್ದಾಡಿ, ಕೊನೆಗೆ ಐಸ್ ಪೆಟ್ಟಿಗೆ ಹೊತ್ತುಕೊಂಡು ಅರುಣಾ ಎರಡು ಮೈಲಿ ನಡೆದಳು. ಲೈನು ತಲುಪುವಷ್ಟರಲ್ಲಿ ಒಂಬತ್ತು ಗಂಟೆ. ಕಾದು ಕಾದು ಅನುಸೂಯಮ್ಮ ಎಂಬಾಕೆ ತಲೆ ತಿರುಗಿ ಹೊಸ್ತಿಲಲ್ಲೇ ಬಿದ್ದಿದ್ದಳು, ಹಣೆ ಒಡೆದಿತ್ತು. ಯಾರೋ ಬೆಲ್ಲದ ನೀರು ಕುಡಿಸಿದ್ದರು. ಆಕೆ ಅರುಣಾಳನ್ನು ಬೈಯಲಿಲ್ಲ, "ಈಗ ಬೆಲ್ಲ ತಿಂದ್‌ಬುಟ್ಟೆ ಕಣವ್ವ, ರಕ್ತ ಆಗಕಿಲ್ವಾ?" ಎಂದು ತಾನೇ ತಪ್ಪು ಮಾಡಿದವಳಂತೆ ಕೇಳಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಲ್ಯಾಬಿನ ಡಾಕ್ಟರ್ ಶರತ್ಚಂದ್ರ ಕೂಡ ದನಿ ಏರಿಸಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಬಿಕ್ಕೋಡಿನ ಕಡೆ ನಮ್ಮ ಹೊಸ ಹುಡುಗ ದೀಪಕ್‌ನನ್ನ ಬೈಕಲ್ಲಿ ಕಳಿಸ್ತೀನಿ. ನೀವು ಲ್ಯಾಬಲ್ಲೇ ಇರಿ" ಅಂದರು. ಹದಿಮೂರು ವರ್ಷದಿಂದ ಆ ಲೈನುಗಳ ಹೆಂಗಸರ ಕೈಯ ಒಂದೊಂದು ನರವೂ ಅವಳಿಗೆ ಗೊತ್ತು. ಯಾರಿಗೆ ಎಡಗೈ, ಯಾರಿಗೆ ಮಾತಾಡಿಸುತ್ತಲೇ ಚುಚ್ಚಬೇಕು, ಎಲ್ಲ ಗೊತ್ತು. ಅದೆಲ್ಲ ಒಂದು ಕಾರಿನ ಬಿಕ್ಕಳಿಕೆಗೆ ಬಲಿಯಾಗುವುದೇ?

ಹೀಗಾಗಿ, ಕಾರನ್ನು ಜೀಪಿಗೆ ಕಟ್ಟಿ ಮನೆಗೆ ಎಳೆಸಿ ತಂದ ಮೇಲೆ, ಭಾನುವಾರ ಅವಳೇ ಸ್ಪ್ಯಾನರ್ ಹಿಡಿದಳು. ಶನಿವಾರ ಹಾಸನದಿಂದ ಪ್ಲಗ್ ಬಿಚ್ಚುವ ಉದ್ದನೆಯ ಸಾಕೆಟ್ಟನ್ನೂ ಕಾರಿನ ಪುಸ್ತಕದಲ್ಲಿದ್ದ ನಂಬರಿನ ಮೂರು ಪ್ಲಗ್ಗುಗಳನ್ನೂ ತಂದಿದ್ದಳು. ಫೋನಿನಲ್ಲಿ ವಿಡಿಯೊ ನಾಲ್ಕು ಸಲ ನೋಡಿದ್ದಳು. ಎಂಜಿನ್ನು ತಣ್ಣಗಿತ್ತು. ಬ್ಯಾಟರಿಯ ತಂತಿ ಕಳಚಿ, ಹಳೆಯ ಟೀಪಾಯಿಯ ಮೇಲೆ ಬಿಳಿ ಹಾಳೆ ಹಾಸಿ, ಲ್ಯಾಬಿನ ಮಾರ್ಕರಿನಲ್ಲಿ ಒಂದು, ಎರಡು, ಮೂರು ಎಂದು ಬರೆದಳು. ರಕ್ತದ ಟ್ಯೂಬಾದರೇನು, ಪ್ಲಗ್ಗಾದರೇನು, ಯಾವುದು ಯಾರದ್ದೆಂದು ಅದಲುಬದಲಾಗಬಾರದು.

ಮೊದಲನೆಯದರ ಬೋಲ್ಟು ಸಲೀಸಾಗಿ ಬಂತು. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ಲನ್ನು ಮೇಲಕ್ಕೆಳೆದು, ಬಾವಿಯಂತಿದ್ದ ಆ ಗುಂಡಿಗೆ ಸಾಕೆಟ್ ಇಳಿಸಿ ತಿರುಗಿಸಿದಳು. ಹೊರಬಂದ ಪ್ಲಗ್ಗಿನ ತುದಿ ಮಾರಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಆರೋಗ್ಯವಾದ ಪ್ಲಗ್ಗಿನ ಬಣ್ಣ ಅದೇ ಎಂದು ವಿಡಿಯೊದಲ್ಲಿ ಹೇಳಿದ್ದರು. ಎರಡನೆಯದೂ ಅಷ್ಟೇ. ಅವಳಿಗೆ ಸಮಾಧಾನದ ಬದಲು ಸಿಟ್ಟು ಹೆಚ್ಚಾಯಿತು. ಎಲ್ಲ ಸರಿಯಿದೆ ಎಂದು ರಿಪೋರ್ಟು ಬಂದ ರೋಗಿಗೆ ನೋವು ಮಾತ್ರ ಹಾಗೇ ಉಳಿದರೆ ಆಗುವಂಥ ಸಿಟ್ಟು.

ಮೂರನೆಯ ಕಾಯಿಲ್ ಅಲುಗಾಡಲಿಲ್ಲ. ಎಳೆದಳು, ತಿರುವಿದಳು, ಬೆರಳು ತರಚಿಕೊಂಡಳು. "ಬಾರೋ ದರಿದ್ರ!" ಎಂದು ಹಲ್ಲು ಕಚ್ಚಿ ಎಳೆದಾಗ ಪಚಕ್ಕೆಂದು ಕಿತ್ತುಬಂತು. ಅದರ ರಬ್ಬರಿನ ತುಂಬಾ ಕಂದು ಅಂಟು. ಟಾರ್ಚ್ ಬಿಟ್ಟು ನೋಡಿದರೆ ಗುಂಡಿಯ ಗೋಡೆಗೆ ತುಕ್ಕು, ಬಿಳಿಯ ಹಕ್ಕಳೆ. ಪ್ಲಗ್ಗನ್ನು ಹಾಗೇ ಬಿಚ್ಚಿದರೆ ಕಸವೆಲ್ಲ ಎಂಜಿನ್ನಿನೊಳಗೆ ಬೀಳುತ್ತದೆ. ಸೈಕಲ್ ಪಂಪಿನಿಂದ ಗಾಳಿ ಊದಿ, ಉದ್ದನೆಯ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ ಒರೆಸಿ, ಮುಕ್ಕಾಲು ಗಂಟೆಯಾದ ಮೇಲೆ ಪ್ಲಗ್ಗು ತೆಗೆದಳು.

ತುದಿ ಅದೇ ಬಿಸ್ಕತ್ತಿನ ಬಣ್ಣ. ಆದರೆ ಮೇಲಿನ ಬಿಳಿ ಪಿಂಗಾಣಿಯ ಉದ್ದಕ್ಕೂ ಸುಟ್ಟ ಒಂದು ಕಪ್ಪು ಗೆರೆ. ಸಂತೋಷ್ ಪ್ರತಿಸಲವೂ ನೋಡಿದ್ದು ತುದಿಯನ್ನೇ, ಮೈಯನ್ನು ನೋಡಿರಲೇ ಇಲ್ಲ. ಕಿಡಿ ಒಳಗೆ ಹಾರುವ ಬದಲು ಹೊರಗಿನ ಅಂಟಿನ ಮೇಲೆ ಹರಿದು ತಪ್ಪಿಸಿಕೊಳ್ಳುತ್ತಿತ್ತು. ಏರಿನಲ್ಲಿ ಟರ್ಬೊ ಒತ್ತಡ ಹಾಕಿದಾಗ ಒಳಗೆ ಹಾರುವುದು ಕಷ್ಟ, ಹೊರಗೆ ಹರಿಯುವುದು ಸುಲಭ. ಅರುಣಾ ಹತ್ತಿಯನ್ನು ಮೂಗಿನ ಬಳಿ ತಂದಳು. ಹುಳಿತ ತೆಂಗಿನಕಾಯಿಯ ವಾಸನೆ.

ಎಂಜಿನ್ನಿಗೂ ತೆಂಗಿನಕಾಯಿಗೂ ಎಲ್ಲಿಯ ಸಂಬಂಧ? ಅವಳು ನೆಟ್ಟಗೆ ಒಳಗೆ ಹೋಗಿ ಕ್ಯಾಲೆಂಡರ್ ಎದುರು ನಿಂತಳು. ಕಾರು ತೊಂದರೆ ಕೊಟ್ಟ ದಿನಗಳಿಗೆಲ್ಲ ಕೆಂಪು ಗೀಟು ಹಾಕುವುದು ಅವಳ ರೂಢಿ. ಪ್ರತಿ ತಿಂಗಳೂ ಮೊದಲ ಕೆಂಪು ಗೀಟು ಅಮಾವಾಸ್ಯೆಯ ಕಪ್ಪು ಚುಕ್ಕೆಯ ಮಾರನೆಯ ದಿನವೋ ಅದರ ಮಾರನೆಯ ದಿನವೋ ಇತ್ತು. ಅಮಾವಾಸ್ಯೆಯಲ್ಲಿ ತೋಟದವರು ರಕ್ತ ಕೊಡಲು ಒಪ್ಪುವುದಿಲ್ಲ, ಆ ದಿನ ಅವಳಿಗೆ ರಜೆ. ಗಾಡಿ ಹೊರಡಿಸಬಾರದು ಎಂದು ಅತ್ತೆ ಸುವರ್ಣಮ್ಮನ ಕಟ್ಟಪ್ಪಣೆ ಬೇರೆ. ಅವಳು ಬಸ್ಸು ಹತ್ತಿ ಅರಸೀಕೆರೆಯ ತವರಿಗೆ ಹೋಗಿ ಸಂಜೆ ಬರುತ್ತಿದ್ದಳು. ಬಂದಾಗ ಕಾರಿನ ಮೂತಿಗೆ ವಿಭೂತಿಯ ಮೂರು ಗೆರೆ, ಹೂವು, ಚಕ್ರದ ಬಳಿ ನಿಂಬೆಹಣ್ಣು ಇರುತ್ತಿತ್ತು. ಅದನ್ನು ಅವಳು ಬಲ್ಲಳು.

"ಅಮಾವಾಸ್ಯೆ ದಿನ ಬಾನೆಟ್ ಎತ್ತೋರು ಯಾರ್ರೀ?"

ಶಶಿಧರ್ ಪೇಪರಿನ ಹಿಂದಿನಿಂದಲೇ ಹೇಳಿದ, "ನಾನೇ. ಅವ್ವ ಎತ್ತು ಅಂತಾರೆ, ಎತ್ತುತೀನಿ. ಕಾಯಿ ಒಡೆದು ನೀರು ಬಿಡ್ತಾರೆ. ಯಾಕೆ?"

"ನಾಲ್ಕು ತಿಂಗಳಿಂದ ನಾನು ರಸ್ತೇಲಿ ನಿಂತು ಒದ್ದಾಡ್ತಿದೀನಿ. ಒಂದು ಮಾತು ಹೇಳಕ್ಕೆ ಆಗ್ಲಿಲ್ವಾ ನಿಮಗೆ?"

"ಪೂಜೆ ಅಲ್ವೇನೆ ಅದು" ಎಂದ ಶಶಿಧರ್, ನಿಜವಾಗಿಯೂ ಅರ್ಥವಾಗದೆ.

ಸುವರ್ಣಮ್ಮ ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಸೊಸೆಯ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತಾಡಿದವರಲ್ಲ. ಊರೂರು ತಿರುಗಿ ಕಂಡವರ ಕೈ ಚುಚ್ಚುವ ಕೆಲಸ ಎಂದು ನೆಂಟರ ಮುಂದೆ ಹಂಗಿಸುತ್ತಿದ್ದರು. ಅರುಣಾ ಕಪ್ಪು ಗೆರೆಯ ಪ್ಲಗ್ಗನ್ನು ಅವರ ಮುಖದ ಮುಂದೆ ಹಿಡಿದಳು.

"ನೋಡಿ ಅತ್ತೆ, ನಿಮ್ಮ ಪೂಜೆ ಮಾಡಿರೋ ಕೆಲಸ! ಮುಚ್ಚಳ ಇಲ್ಲದ ಎಂಜಿನ್ನಿಗೆ ಯಾರಾದ್ರೂ ಕಾಯಿ ನೀರು ಹುಯ್ತಾರಾ? ನನ್ನ ಕೆಲಸ ಹೋಗ್ಲಿ ಅಂತಲೇ ಮಾಡಿದ್ರಾ?"

ಹೇಳಿದ ಕೂಡಲೇ ಮಾತು ಹೆಚ್ಚಾಯಿತು ಎನ್ನಿಸಿತು, ಆದರೆ ವಾಪಸು ತೆಗೆದುಕೊಳ್ಳುವ ತಾಳ್ಮೆ ಉಳಿದಿರಲಿಲ್ಲ.

ಸುವರ್ಣಮ್ಮ ಪ್ಲಗ್ಗನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ನೀನೇ ಹೇಳಿದ್ದಲ್ಲವ್ವ" ಎಂದರು. "ಶಿವರಾತ್ರಿ ದಿನ ಬಂದು ಗಾಡಿ ನಿಲ್ಸಿ, ಒಳಗೇ ಕುಂತಿದ್ದೆ. ಯಾಕೆ ಇಳಿಯಕಿಲ್ಲ ಅಂದ್ರೆ, ಇದು ಟರ್ಬೊ ಅತ್ತೆ, ಒಳಗೆ ಕೆಂಡದಂಗೆ ಕಾದಿರ್ತೈತೆ, ಆರಿಸೋಕ್ ಮುಂಚೆ ಒಂದ್ ನಿಮಿಷ ತಣ್ಣಗಾಗ್ಬೇಕು ಅಂದೆ. ಕೆಂಡದ ಮುಂದೆ ಕುಂತ್ಕೊಂಡು ಅಷ್ಟ್ ದೂರ ಹೋಗ್ತೀಯಲ್ಲ ಅಂತ ನಂಗೆ ನಿದ್ದೆ ಬರ್ಲಿಲ್ಲ. ಹೂವಿಗೂ ನಿಂಬೆಹಣ್ಣಿಗೂ ಅದು ತಣಿಯಕ್ಕಿಲ್ಲ ಅಂತ ಕಾಯಿ ನೀರು ಬುಟ್ಟೆ."

ಅರುಣಾಳ ಕೋಪ ಇನ್ನೂ ಪೂರ್ತಿ ಇತ್ತು, ಆದರೆ ಅದನ್ನು ಯಾರ ಮೇಲೆ ಹಾಕುವುದು? ಪ್ಲಗ್ಗು ವಾಪಸು ಇಸಿದುಕೊಂಡು ಅಂಗಳಕ್ಕೆ ಹೋದಳು. ಕಾಯಿಲ್ಲಿನ ರಬ್ಬರನ್ನು ಒರೆಸಿ ಬಿಸಿಲಿಗಿಟ್ಟು ಒಣಗಿಸಿದಳು. ಹೊಸ ಪ್ಲಗ್ಗುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಹದವಾಗಿ ಬಿಗಿಮಾಡಿದಳು. ಬಾನೆಟ್ಟನ್ನು ಬೇಕಿದ್ದಕ್ಕಿಂತ ಜೋರಾಗಿ ಮುಚ್ಚಿದಳು.

ಸೋಮವಾರ ಬೆಳಗ್ಗೆ ಬಿಕ್ಕೋಡಿನ ಏರಿನಲ್ಲಿ ಕಾಲೊತ್ತಿದಳು. ಕಾರು ಒಂದು ಬಿಕ್ಕೂ ಇಲ್ಲದೆ ಎಳೆಯಿತು. ಆರಕ್ಕೆ ಹತ್ತು ನಿಮಿಷವಿರುವಾಗ ಅನುಸೂಯಮ್ಮನ ಬಾಗಿಲಲ್ಲಿದ್ದಳು. ಹಣೆಯ ಪಟ್ಟಿ ಸರಿಮಾಡಿಕೊಳ್ಳುತ್ತಾ ಆಕೆ ಎಡಗೈ ಚಾಚಿದಳು. ದೀಪಕ್ ಮತ್ತು ಅವನ ಬೈಕಿನ ಮಾತು ಲ್ಯಾಬಿನಲ್ಲಿ ಮತ್ತೆ ಬರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅರುಣಾ ತವರಿಂದ ಬೇಗನೆ, ಮಧ್ಯಾಹ್ನದ ಬಿಸಿಲಿನಲ್ಲೇ ಬಂದುಬಿಟ್ಟಳು. ಕಾರಿನ ಮೂತಿ ಬೋಳಾಗಿತ್ತು. ವಿಭೂತಿ ಇಲ್ಲ, ಹೂವಿಲ್ಲ. ಸುವರ್ಣಮ್ಮ ಜಗಲಿಯಲ್ಲಿ ಕೂತು ಬೇರೆಲ್ಲೋ ನೋಡುತ್ತಿದ್ದರು. ಪೂಜೆ ನಿಂತರೆ ಸಾಕು ಎಂದುಕೊಂಡಿದ್ದವಳಿಗೆ ಆ ಬೋಳು ಮೂತಿ ನೋಡಿ ಯಾಕೋ ಕಸಿವಿಸಿಯಾಯಿತು. ಒಳಗಿನಿಂದ ವಿಭೂತಿ, ಹೂವು, ಕಾಯಿ ತಂದು ಅತ್ತೆಯ ಮುಂದಿಟ್ಟಳು.

"ಬಾನೆಟ್ ಎತ್ತಲ್ಲ. ಹೊರಗೇ ಮಾಡಿ."

ಸುವರ್ಣಮ್ಮ ಎದ್ದರು. ಮೂರು ಗೆರೆ ಎಳೆದರು, ಹೂವಿಟ್ಟರು, ಮುಂದಿನ ಚಕ್ರದ ಬಳಿ ಕಾಯಿ ಒಡೆದು ನೀರನ್ನು ಒಂದು ಲೋಟಕ್ಕೆ ಹಿಡಿದರು. ಲೋಟವನ್ನು ಕೈಯಲ್ಲಿ ಹಿಡಿದುಕೊಂಡು, ಮುಚ್ಚಿದ ಬಾನೆಟ್ಟನ್ನು ಒಮ್ಮೆ ನೋಡಿದರು. ಆಮೇಲೆ ಅದನ್ನು ಸೊಸೆಯ ಕಡೆ ಚಾಚಿದರು.

"ತಗಾ, ನೀನಾದ್ರೂ ಕುಡಿ. ಬಿಸಿಲಲ್ಲಿ ಬಂದಿದೀಯ."

ಅರುಣಾ ಲೋಟ ತೆಗೆದುಕೊಂಡು ಅಲ್ಲೇ ನಿಂತು ಪೂರ್ತಿ ಕುಡಿದಳು.